ಕೊನೆಯ ಸಾಲಿಗೂ ಕಾಣುವ ಪರದೆ: ಗ್ರಾಮ ಪಂಚಾಯತಿ ಸಭಾಂಗಣಕ್ಕೆ ಎಲ್‌ಇಡಿ ಪರದೆಯ ಆಯ್ಕೆ

(ವಿಜಯಪುರ ನಗರದಲ್ಲಿ ತಿಕೋಟಾ ಹಾಗೂ ಬಬಲೇಶ್ವರ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನಡೆದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ. ಸದಸ್ಯರ ಕೋರಿಕೆಯ ಮೇರೆಗೆ ಪ್ರಕಟಿಸಲಾಗಿದೆ.)



ನನಗೆ ವಹಿಸಿರುವ ವಿಷಯ ಸಭಾಂಗಣದ ಒಳಗೆ ಬಳಸುವ ಎಲ್‌ಇಡಿ ಪರದೆಯನ್ನು ಆಯ್ಕೆ ಮಾಡುವುದು ಹೇಗೆ ಎಂಬುದು. ಇದು ಯಂತ್ರದ ಅಂಗಡಿಯಲ್ಲಿ ಮಾತನಾಡಬೇಕಾದ ಸಂಗತಿ, ಪಂಚಾಯತಿ ಸದಸ್ಯರಿಗೆ ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಈ ವಿಷಯ ನನಗೆ ಅರ್ಥವಾದದ್ದು ಅಂಗಡಿಯಲ್ಲಿ ಅಲ್ಲ, ಒಂದು ಗ್ರಾಮಸಭೆಯಲ್ಲಿ. ಆದ್ದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ಊರಿನ ಹೆಸರು ಹೇಳುವುದಿಲ್ಲ. ಆ ಪಂಚಾಯತಿಯವರು ಹೊಸದಾಗಿ ಸುಮಾರು ಎಂಟೂವರೆ ಅಡಿ ಅಗಲ, ಐದು ಅಡಿಗೆ ಸ್ವಲ್ಪ ಕಡಿಮೆ ಎತ್ತರದ ಎಲ್‌ಇಡಿ ಪರದೆಯನ್ನು ಸಭಾಂಗಣದ ಗೋಡೆಗೆ ಹಾಕಿಸಿದ್ದರು. ಗುಂಡಿ ಒತ್ತಿದೊಡನೆ ಊರಿನ ಕೆರೆ, ಗುಡಿ, ದ್ರಾಕ್ಷಿ ತೋಟ, ಜಾತ್ರೆಯ ತೇರು ಒಂದೊಂದಾಗಿ ಬೆಳಗಿದವು. ಚಪ್ಪಾಳೆಯೂ ಬಿತ್ತು. ಬಳಿಕ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ತೋರಿಸಿದರು. ಹದಿನಾಲ್ಕು ಕಾಲಮ್ಮುಗಳ ಪಟ್ಟಿ. ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ವರ್ಗ, ಪಡಿತರ ಚೀಟಿಯ ಸಂಖ್ಯೆ ಹೀಗೆ ಎಲ್ಲವೂ ಒಂದೇ ಪುಟದಲ್ಲಿ. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು ಎದ್ದು ನಿಂತು, "ಸಾಹೇಬ್ರ, ಅದರಾಗ ನನ್ನ ಹೆಸರು ಐತೇನ್ರೀ?" ಎಂದು ಕೇಳಿದರು. ಓದು ಬಾರದು ಎಂದು ನಾನು ಭಾವಿಸಿದೆ. ಅವರಿಗೆ ಓದು ಬರುತ್ತಿತ್ತು. ಓದಲಾಗದಂತೆ ಇದ್ದದ್ದು ಪರದೆ. ಪರೀಕ್ಷಿಸಲೆಂದು ನಾನು ಎದ್ದು ಮುಂದಿನ ಸಾಲಿಗೆ ಹೋದೆ, ಅಲ್ಲಿಂದಲೂ ಓದಲಾಗಲಿಲ್ಲ. ಪರದೆಯ ಎದುರೇ ನಿಂತೆ. ಅಕ್ಷರಗಳಿರಬೇಕಾದ ಜಾಗದಲ್ಲಿ ಬಿಳಿ ಚುಕ್ಕೆಗಳ ಗುಂಪುಗಳಿದ್ದವು, ಅಷ್ಟೇ.

ಗ್ರಾಮಸಭೆಯಲ್ಲಿ ಪಟ್ಟಿಯನ್ನು ಬಹಿರಂಗಪಡಿಸುವುದು ಒಂದು ಔಪಚಾರಿಕ ವಿಧಿಯಲ್ಲ. ತನ್ನ ಹೆಸರು ಸೇರಿದೆಯೇ, ಸೇರದಿದ್ದರೆ ಏಕೆ, ಸೇರಬಾರದವರ ಹೆಸರು ಸೇರಿದೆಯೇ ಎಂದು ಕೇಳುವ ಹಕ್ಕು ಅಲ್ಲಿ ಕುಳಿತವರಿಗೆ ಇದೆ. ಓದಲಾಗದ ಪಟ್ಟಿಗೆ ಯಾರೂ ಆಕ್ಷೇಪಣೆ ಸಲ್ಲಿಸಲಾರರು. ಅಂದು ನಡವಳಿಯಲ್ಲಿ "ಪಟ್ಟಿಯನ್ನು ಪರದೆಯ ಮೇಲೆ ಪ್ರದರ್ಶಿಸಲಾಯಿತು, ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ" ಎಂದು ದಾಖಲಾಯಿತು. ಬರಹದಲ್ಲಿ ತಪ್ಪಿರಲಿಲ್ಲ. ಆದರೆ ಅದು ನಿಜವೂ ಆಗಿರಲಿಲ್ಲ. ಪರದೆಯ ಆಯ್ಕೆಯನ್ನು ನಾನು ಈ ಘಟನೆಯ ಕಣ್ಣಿನಿಂದಲೇ ನೋಡುತ್ತೇನೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಮಾರುಕಟ್ಟೆಯಲ್ಲಿ ಎರಡು ಬೇರೆ ಬೇರೆ ವಸ್ತುಗಳು ಎಲ್‌ಇಡಿ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ನಾವು ಮನೆಯಲ್ಲಿ ಎಲ್‌ಇಡಿ ಟಿವಿ ಎನ್ನುವುದು ವಾಸ್ತವವಾಗಿ ಎಲ್‌ಸಿಡಿ ಪರದೆ. ಅದರ ಹಿಂದೆ ಬೆಳಕು ನೀಡಲು ಮಾತ್ರ ಎಲ್‌ಇಡಿ ದೀಪಗಳಿರುತ್ತವೆ. ಅದೇ ಬಗೆಯ ಪರದೆಯನ್ನು ದಿನವಿಡೀ ಬಳಸಲು ತಕ್ಕಂತೆ ಗಟ್ಟಿಯಾಗಿ ತಯಾರಿಸಿದರೆ ವೃತ್ತಿಪರ ಡಿಸ್‌ಪ್ಲೇ ಎನ್ನುತ್ತಾರೆ. ಇನ್ನೊಂದು ನಿಜವಾದ ಎಲ್‌ಇಡಿ ಪರದೆ, ಅಂದರೆ ಎಲ್‌ಇಡಿ ವಾಲ್. ಇದರಲ್ಲಿ ಪ್ರತಿಯೊಂದು ಚುಕ್ಕೆಯೂ ತಾನೇ ಒಂದು ದೀಪ. ಕೆಂಪು, ಹಸಿರು, ನೀಲಿ ಮೂರು ಪುಟ್ಟ ದೀಪಗಳು ಸೇರಿ ಒಂದು ಚುಕ್ಕೆ. ಇಂತಹ ಸಾವಿರಾರು ಚುಕ್ಕೆಗಳಿರುವ ಮಾಡ್ಯೂಲ್ ಎಂಬ ಹಲಗೆಗಳನ್ನು ಇಟ್ಟಿಗೆಯಂತೆ ಒತ್ತೊತ್ತಾಗಿ ಜೋಡಿಸಿ ಬೇಕಾದ ಅಳತೆಯ ಗೋಡೆಯನ್ನು ಕಟ್ಟುತ್ತಾರೆ.

ಹಳೆಯ ರೈಲು ನಿಲ್ದಾಣಗಳ ಮತ್ತು ಬ್ಯಾಂಕುಗಳ ಸೂಚನಾ ಫಲಕಗಳು ಕೆಂಪು, ಹಸಿರು ಬಣ್ಣಗಳಲ್ಲಿ ಮಾತ್ರ ಇದ್ದುದು ಹಿರಿಯರಿಗೆ ನೆನಪಿರಬಹುದು. ಚೆನ್ನಾಗಿ ಬೆಳಗುವ ನೀಲಿ ಎಲ್‌ಇಡಿ ಆಗ ಇರಲಿಲ್ಲ, ನೀಲಿ ಇಲ್ಲದೆ ಬಿಳಿಯೂ ಇಲ್ಲ, ಎಲ್ಲ ಬಣ್ಣಗಳ ಚಿತ್ರವೂ ಇಲ್ಲ. ಅದನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಶೂಜಿ ನಕಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ನವೆಂಬರ್ 1ರಂದು ನಮ್ಮ ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಎರಡಕ್ಕೂ ಸಂಬಂಧವಿಲ್ಲ, ವರ್ಷ ನೆನಪಿಡಲು ಹೇಳಿದೆ.

ದರಪಟ್ಟಿ ತರಿಸುವಾಗ ಈ ಎರಡರಲ್ಲಿ ಯಾವುದು ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಒಬ್ಬರು ಟಿವಿಯ ಬೆಲೆಯನ್ನೂ ಇನ್ನೊಬ್ಬರು ಗೋಡೆಯ ಬೆಲೆಯನ್ನೂ ಕಳುಹಿಸುತ್ತಾರೆ. ಅವುಗಳನ್ನು ತುಲನಾತ್ಮಕ ಪಟ್ಟಿಯಲ್ಲಿ ಅಕ್ಕಪಕ್ಕ ಇಡುವುದೆಂದರೆ ಎತ್ತಿನ ಬೆಲೆಯನ್ನು ಟ್ರ್ಯಾಕ್ಟರಿನ ಬೆಲೆಯೊಂದಿಗೆ ಹೋಲಿಸಿದಂತೆ.

ಈಗ ಮುಖ್ಯ ಪ್ರಶ್ನೆ. ಪರದೆ ಎಷ್ಟು ದೊಡ್ಡದಿರಬೇಕು? ಅಂಗಡಿಯವರು ಇದನ್ನು ಗೋಡೆಯ ಅಳತೆಯಿಂದ ನಿರ್ಧರಿಸುತ್ತಾರೆ. ನಾವು ಕೊನೆಯ ಸಾಲಿನ ಅಳತೆಯಿಂದ ನಿರ್ಧರಿಸಬೇಕು. ಪರದೆಯಿಂದ ಕೊನೆಯ ಸಾಲಿಗೆ ಎಷ್ಟು ದೂರ ಎಂಬುದನ್ನು ಟೇಪಿನಿಂದ ಅಳೆಯಿರಿ. ನೋಟದ ಲೆಕ್ಕ ಸರಳವಾದುದು. ಆಯಾಸವಿಲ್ಲದೆ ಓದಬೇಕಾದರೆ ಪ್ರತಿ 10 ಅಡಿ ದೂರಕ್ಕೆ ಅಕ್ಷರದ ಎತ್ತರ ಸುಮಾರು ಮುಕ್ಕಾಲು ಅಂಗುಲ ಇರಬೇಕು. ಅದರ ಅರ್ಧದಷ್ಟಿದ್ದರೂ ಒಳ್ಳೆಯ ಕಣ್ಣಿನವರು ಓದಿಯಾರು, ಆದರೆ ಗ್ರಾಮಸಭೆಗೆ ಬರುವವರೆಲ್ಲರೂ ಇಪ್ಪತ್ತರ ತರುಣರಲ್ಲ. ಸಾಮಾನ್ಯವಾಗಿ 20 ಅಡಿ ಅಗಲ, 40 ಅಡಿ ಉದ್ದದ ಸಭಾಂಗಣವೊಂದರಲ್ಲಿ ಕೊನೆಯ ಸಾಲು 33 ಅಡಿ ದೂರದಲ್ಲಿರುತ್ತದೆ ಎಂದು ಇಟ್ಟುಕೊಳ್ಳಿ. ಅಲ್ಲಿಗೆ ಎರಡೂವರೆ ಅಂಗುಲದ ಅಕ್ಷರ ಬೇಕು.

ಇದರೊಂದಿಗೆ ಕನ್ನಡದ್ದೇ ಆದ ಒಂದು ಸಂಗತಿ ಸೇರುತ್ತದೆ. ಪರದೆಗಳ ವಿವರಣಾ ಪತ್ರಗಳೆಲ್ಲ ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟು ಬರೆದವು. ಇಂಗ್ಲಿಷಿನ ದೊಡ್ಡಕ್ಷರವೊಂದು ಅಡ್ಡ ಐದು, ಉದ್ದ ಏಳು ಚುಕ್ಕೆಗಳಲ್ಲಿಯೂ ಗುರುತು ಸಿಗುವಂತೆ ಮೂಡುತ್ತದೆ. ಕನ್ನಡಕ್ಕೆ ಅದು ಸಾಲದು. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಮೇಲೆ ಗುಣಿತದ ಕೊಂಬುಗಳು, ಕೆಳಗೆ ಒತ್ತಕ್ಷರ. ನಮ್ಮ ಭಾಗದ ಹೆಸರುಗಳನ್ನೇ ನೋಡಿ. ಕಲ್ಲಪ್ಪ, ಮಲ್ಲಪ್ಪ, ಕಲ್ಲವ್ವ, ನೀಲವ್ವ. ಒತ್ತಕ್ಷರವಿಲ್ಲದ ಹೆಸರು ಹುಡುಕುವುದೇ ಕಷ್ಟ. ಚುಕ್ಕೆಗಳು ಕಡಿಮೆಯಾದರೆ ಕಲ್ಲಪ್ಪನೂ ಕಲ್ಲವ್ವನೂ ಒಂದೇ ಆಗಿಬಿಡುತ್ತಾರೆ. ನನ್ನ ಅನುಭವದಲ್ಲಿ ಒತ್ತಕ್ಷರವನ್ನು ಬಿಟ್ಟು ಮೂಲ ಅಕ್ಷರಕ್ಕೇ 24 ಚುಕ್ಕೆಗಳ ಎತ್ತರ ದೊರೆತರೆ ಕನ್ನಡ ಸುಲಭವಾಗಿ ಓದಿಸಿಕೊಳ್ಳುತ್ತದೆ. ಒತ್ತು ಮತ್ತು ಸಾಲಿನ ನಡುವಿನ ತೆರಪು ಸೇರಿದರೆ ಒಂದು ಸಾಲಿಗೆ 44 ಚುಕ್ಕೆಗಳು ಬೇಕಾಗುತ್ತವೆ.

ಆ ಊರಿನ ಪರದೆಯಲ್ಲಿ ಏನಾಗಿತ್ತು ಎಂಬುದು ಈಗ ತಮಗೆ ತಿಳಿಯುತ್ತದೆ. ಅದು ಚುಕ್ಕೆಯಿಂದ ಚುಕ್ಕೆಗೆ 4 ಮಿಲಿಮೀಟರ್ ಅಂತರದ ಪರದೆ. ಅಗಲಕ್ಕೆ 640, ಎತ್ತರಕ್ಕೆ 360 ಚುಕ್ಕೆಗಳು. ಹದಿನಾಲ್ಕು ಕಾಲಮ್ಮುಗಳನ್ನು 640 ಚುಕ್ಕೆಗಳಲ್ಲಿ ತುರುಕಿದಾಗ ಒಂದು ಅಕ್ಷರಕ್ಕೆ ಎಂಟೋ ಒಂಬತ್ತೋ ಚುಕ್ಕೆಗಳು ಉಳಿದವು. ಹಿಂದೆ ಕುಳಿತವರಿಗೆ ಅಕ್ಷರ ಚಿಕ್ಕದಾಯಿತು, ಮುಂದೆ ನಿಂತವನಿಗೆ ಅಕ್ಷರವೇ ಇರಲಿಲ್ಲ. ಇವೆರಡು ಬೇರೆ ಬೇರೆ ದೋಷಗಳು. ಮೊದಲನೆಯದಕ್ಕೆ ಅಕ್ಷರವನ್ನು ದೊಡ್ಡದು ಮಾಡಬೇಕು, ಎರಡನೆಯದಕ್ಕೆ ಚುಕ್ಕೆಗಳನ್ನು ಹೆಚ್ಚಿಸಬೇಕು.

ಚುಕ್ಕೆಯ ಮಧ್ಯದಿಂದ ಪಕ್ಕದ ಚುಕ್ಕೆಯ ಮಧ್ಯಕ್ಕಿರುವ ಅಂತರವನ್ನೇ ಪಿಚ್ ಎನ್ನುತ್ತಾರೆ. ಪಿ 2.5 ಎಂದರೆ 2.5 ಮಿಲಿಮೀಟರ್. ಇದು ಕೂರಿಗೆಯ ತಾಳಿನ ಅಂತರವಿದ್ದಂತೆ. ಹಿಂಗಾರಿ ಜೋಳದ ಹೊಲವನ್ನು ರಸ್ತೆಯ ಮೇಲೆ ನಿಂತು ನೋಡಿದರೆ ಹಸಿರು ಜಮಖಾನೆ ಹಾಸಿದಂತೆ ಕಾಣುತ್ತದೆ. ಬದುವಿನ ಹತ್ತಿರ ಬಂದರೆ ಸಾಲುಗಳು ಬೇರೆಯಾಗಿ, ನಡುವಿನ ಕರಿ ಮಣ್ಣು ಕಾಣತೊಡಗುತ್ತದೆ. ಪರದೆಯೂ ಹಾಗೆಯೇ. ಎಷ್ಟು ಮಿಲಿಮೀಟರ್ ಪಿಚ್ ಇದೆಯೋ ಕನಿಷ್ಠ ಅಷ್ಟು ಮೀಟರ್ ದೂರದಲ್ಲಿ ಮೊದಲ ಸಾಲು ಇರಲಿ ಎಂಬುದು ಈ ವೃತ್ತಿಯಲ್ಲಿರುವವರು ಪಾಲಿಸುವ ಸರಳ ಅಳತೆ. ಪಿ 2.5 ಪರದೆಗೆ ಎರಡೂವರೆ ಮೀಟರ್, ಅಂದರೆ ಎಂಟು ಅಡಿಗೆ ಸ್ವಲ್ಪ ಹೆಚ್ಚು.

ಹಾಗಾದರೆ ಪಿಚ್ ಕಡಿಮೆಯಾದಷ್ಟೂ ಒಳ್ಳೆಯದಲ್ಲವೇ ಎಂದು ಕೇಳುವಿರಿ. ಮಾರುವವರು ಹೇಳುವುದೂ ಇದನ್ನೇ. ಲೆಕ್ಕ ಹಾಕಿ ನೋಡಿ. ಪಿ 2.5 ಪರದೆಯ ಒಂದು ಚದರ ಮೀಟರಿನಲ್ಲಿ 1,60,000 ಚುಕ್ಕೆಗಳಿರುತ್ತವೆ. ಪಿ 1.25 ಪರದೆಯಲ್ಲಿ 6,40,000. ಪಿಚ್ ಅರ್ಧವಾದರೆ ದೀಪಗಳು ನಾಲ್ಕು ಪಟ್ಟು, ಬೆಲೆಯೂ ಅದೇ ದಿಕ್ಕಿನಲ್ಲಿ ಏರುತ್ತದೆ. ಆದರೆ ಮನುಷ್ಯನ ಕಣ್ಣಿಗೆ ಒಂದು ಮಿತಿಯಿದೆ. ಹತ್ತು ಮೀಟರ್ ದೂರದಿಂದ ಸುಮಾರು 3 ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿರುವ ಎರಡು ಚುಕ್ಕೆಗಳನ್ನು ಆರೋಗ್ಯವಂತ ಕಣ್ಣು ಕೂಡ ಬೇರೆಯಾಗಿ ಕಾಣಲಾರದು. ಮೊದಲ ಸಾಲು ಹತ್ತು ಅಡಿ, ಕೊನೆಯ ಸಾಲು ಮೂವತ್ತು-ನಲವತ್ತು ಅಡಿ ದೂರವಿರುವ ಸಭಾಂಗಣಕ್ಕೆ ಪಿ 2 ಅಥವಾ ಪಿ 2.5 ಸಾಕು. ಅದಕ್ಕಿಂತ ಸೂಕ್ಷ್ಮವಾದುದಕ್ಕೆ ತೆರುವ ಹಣ ಹಿಂದೆ ಕುಳಿತವರ ಕಣ್ಣಿಗೆ ಕಾಣುವುದಿಲ್ಲ. ಹಿಂದೆ ಹೇಳಿದ ಪರದೆಯದೇ ಅಳತೆಯಲ್ಲಿ, ಅಂದರೆ 2.56 ಮೀಟರ್ ಅಗಲ ಹಾಗೂ 1.44 ಮೀಟರ್ ಎತ್ತರದಲ್ಲಿ ಪಿ 2.5 ಹಾಕಿದರೆ 1024 ಮತ್ತು 576 ಚುಕ್ಕೆಗಳು ದೊರೆಯುತ್ತವೆ. ಅದರಲ್ಲಿ 24 ಚುಕ್ಕೆಯ ಅಕ್ಷರದ ಎತ್ತರ 6 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಎರಡೂವರೆ ಅಂಗುಲ. ಒಂದು ಪುಟಕ್ಕೆ 13 ಸಾಲು ಹಿಡಿಯುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಎರಡೂ ತಾಲ್ಲೂಕುಗಳ ಹೆಚ್ಚಿನ ಗ್ರಾಮ ಪಂಚಾಯತಿಗಳಿಗೆ ಎಲ್‌ಇಡಿ ವಾಲ್ ಬೇಕಿಲ್ಲ. ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದಂತಹ ದೊಡ್ಡ ಸಭಾಂಗಣಗಳಿಗೆ ಅದು ಸಲ್ಲುತ್ತದೆ. ನೂರು ಜನರೊಳಗಿನ ಕೊಠಡಿಗೆ 75 ಅಥವಾ 86 ಅಂಗುಲದ ವೃತ್ತಿಪರ ಡಿಸ್‌ಪ್ಲೇ ಸಾಕು. 75 ಅಂಗುಲ ಎಂಬುದು ಮೂಲೆಯಿಂದ ಮೂಲೆಗೆ ಅಳೆದದ್ದು, ಅದರ ಎತ್ತರ 93 ಸೆಂಟಿಮೀಟರ್ ಮಾತ್ರ. ಎರಡೂವರೆ ಅಂಗುಲದ ಅಕ್ಷರದಲ್ಲಿ ಅದು ಎಂಟು ಸಾಲುಗಳನ್ನು ತೋರಿಸುತ್ತದೆ. ಎಂಟೇ ಎಂದು ಮೂಗು ಮುರಿಯಬೇಡಿ. ನಲವತ್ತು ಫಲಾನುಭವಿಗಳ ಪಟ್ಟಿ ಐದು ಪುಟಗಳಲ್ಲಿ ಮುಗಿಯುತ್ತದೆ. ಪುಟಕ್ಕೆ ಒಂದು ನಿಮಿಷ ನಿಲ್ಲಿಸಿ, ಒಬ್ಬರು ಗಟ್ಟಿಯಾಗಿ ಓದಿದರೆ ಐದು ನಿಮಿಷ. ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು ಇಷ್ಟನ್ನೇ ಪರದೆಗೆ ತನ್ನಿ. ಉಳಿದ ಕಾಲಮ್ಮುಗಳು ಮೇಜಿನ ಮೇಲಿನ ಮುದ್ರಿತ ಪ್ರತಿಯಲ್ಲಿರಲಿ. ಪಡಿತರ ಚೀಟಿ, ಬ್ಯಾಂಕ್ ಖಾತೆಗಳ ಸಂಖ್ಯೆಗಳನ್ನು ಊರ ಮುಂದೆ ಬೆಳಗಿಸುವುದು ಹೇಗೂ ಸರಿಯಲ್ಲ.

ಆ ಊರಿನಲ್ಲಿಯೂ ಹೀಗೇ ಮಾಡಿದೆವು. ಪರದೆಯನ್ನು ಬದಲಾಯಿಸಲಿಲ್ಲ. ಡಾಟಾ ಎಂಟ್ರಿ ಆಪರೇಟರ್ ಆಗಿದ್ದ ಹುಡುಗಿ ಅರ್ಧ ಗಂಟೆ ಕುಳಿತು ಪಟ್ಟಿಯನ್ನು ಪುಟಕ್ಕೆ ಎಂಟು ಹೆಸರಿನಂತೆ ಮತ್ತೆ ಹೊಂದಿಸಿದಳು. ಮುಂದಿನ ಸಭೆಯಲ್ಲಿ ಅದೇ ಪರದೆಯ ಮೇಲೆ ಅದೇ ಪಟ್ಟಿಯನ್ನು ಹಿಂದಿನ ಸಾಲಿನವರೂ ಓದಿದರು. ಅಂದು ಏಳು ಆಕ್ಷೇಪಣೆಗಳು ಬಂದವು. ಪಿಡಿಒ ಅವರಿಗೆ ಕೆಲಸ ಹೆಚ್ಚಾಯಿತು, ಸಭೆ ಮಧ್ಯಾಹ್ನದ ಊಟದ ಹೊತ್ತನ್ನೂ ದಾಟಿತು. ಆ ತಾಯಿಯ ಹೆಸರು ಪಟ್ಟಿಯಲ್ಲಿರಲಿಲ್ಲ. ಇಲ್ಲವೆಂಬುದು ಅವರಿಗೆ ಅಂದೇ ತಿಳಿಯಿತು, ಅಂದೇ ಅರ್ಜಿಯನ್ನೂ ಕೊಟ್ಟರು.

ಖರ್ಚಿಲ್ಲದ ಇನ್ನೊಂದು ಉಪಾಯವಿದೆ. ಪರದೆಯನ್ನು ಸಭಾಂಗಣದ ತುದಿಯ ಕಿರಿದಾದ ಗೋಡೆಗೇ ಹಾಕಬೇಕೆಂದು ಯಾವ ನಿಯಮವೂ ಇಲ್ಲ. ಉದ್ದನೆಯ ಗೋಡೆಯ ಮಧ್ಯದಲ್ಲಿ ಹಾಕಿ, ಜನರನ್ನು ಅರ್ಧಚಂದ್ರಾಕಾರದಲ್ಲಿ ಕೂರಿಸಿದರೆ ನೇರ ಎದುರಿನವರಿಗೆ ದೂರ 33 ಅಡಿಯಿಂದ 18 ಅಡಿಗೆ ಇಳಿಯುತ್ತದೆ. ತೀರ ಅಂಚಿನಲ್ಲಿ ಕುಳಿತವರಿಗೆ ಪರದೆ ಓರೆಯಾಗಿ ಕಾಣುವುದರಿಂದ ಐಪಿಎಸ್ ಬಗೆಯ ಪ್ಯಾನೆಲ್ ಎಂದು ಕೇಳಿರಿ. ಅಗ್ಗದ ಕೆಲವು ಪ್ಯಾನೆಲ್‌ಗಳಲ್ಲಿ ಓರೆ ನೋಟಕ್ಕೆ ಬಣ್ಣ ಮಾಸುತ್ತದೆ. ಕಂಬಗಳಿರುವ ಹಳೆಯ ಸಭಾಂಗಣವಾದರೆ ಒಂದು ದೊಡ್ಡ ಪರದೆಗಿಂತ 55 ಅಂಗುಲದ ಎರಡು ಪರದೆಗಳು ಮೇಲು. ಒಂದು ಮುಂದೆ, ಇನ್ನೊಂದು ಮಧ್ಯದ ಪಕ್ಕದ ಗೋಡೆಗೆ. ಒಂದು ಕೆಟ್ಟರೂ ಸಭೆ ನಿಲ್ಲುವುದಿಲ್ಲ. ಅನೇಕ ಊರುಗಳಲ್ಲಿ ಮಹಿಳೆಯರು ಹಿಂದೆ ಅಥವಾ ಒಂದು ಬದಿಗೆ ಕುಳಿತುಕೊಳ್ಳುತ್ತಾರೆ ಎಂಬುದು ನಮಗೆಲ್ಲ ತಿಳಿದಿದೆ. ಎರಡನೆಯ ಪರದೆಯ ಜಾಗವನ್ನು ಅದನ್ನು ನೋಡಿ ನಿರ್ಧರಿಸಿರಿ.

ಅರಿವು ಕೇಂದ್ರಗಳ ಬಗ್ಗೆ ಒಂದು ಮಾತು. ಗ್ರಂಥಾಲಯದ ಕೊಠಡಿ ಚಿಕ್ಕದು, ಮಕ್ಕಳು ಹತ್ತಿರವೇ ಕೂರುತ್ತಾರೆ. ಅಲ್ಲಿಗೆ 43ರಿಂದ 55 ಅಂಗುಲ ಸಾಕು. ಬೆರಳಿನಿಂದ ಮುಟ್ಟಿ ಬರೆಯುವ ಟಚ್ ಪರದೆ ಬೇಕಾದರೆ ಅಲ್ಲಿ ಬೇಕಾದೀತು, ಸಭಾಂಗಣದಲ್ಲಿ ಅದಕ್ಕೆ ಹಣ ಸುರಿಯಬೇಡಿ. ಇನ್ನು ಗ್ರಾಮಸಭೆ ಶಾಲೆಯ ಮೈದಾನದಲ್ಲಿಯೋ ಗುಡಿಯ ಮುಂದಿನ ಕಟ್ಟೆಯಲ್ಲಿಯೋ ನಡೆಯುವ ಊರುಗಳಲ್ಲಿ ಒಳಾಂಗಣದ ಪರದೆ ಯಾವುದೂ ಉಪಯೋಗಕ್ಕೆ ಬಾರದು. ಬಿಸಿಲಿಗೆ ಬೇಕಾದ ಪರದೆಯೇ ಬೇರೆ, ಅಂದಿಗೆ ಮಾತ್ರ ಬಾಡಿಗೆಗೆ ತರುವುದು ಲೇಸು.

ಬೆಳಕಿನ ಮಾತಿಗೆ ಬಂದರೆ ಅದರ ಅಳತೆ ನಿಟ್. ಮನೆಯ ಟಿವಿ ಸಾಮಾನ್ಯವಾಗಿ 250ರಿಂದ 350 ನಿಟ್ ಬೆಳಗುತ್ತದೆ. ಹಗಲಿನಲ್ಲಿ ಕಿಟಕಿ ತೆರೆದ ಸಭಾಂಗಣಕ್ಕೆ 500 ನಿಟ್‌ನ ವೃತ್ತಿಪರ ಡಿಸ್‌ಪ್ಲೇ ಹಿತಕರ. ಒಳಾಂಗಣದ ಎಲ್‌ಇಡಿ ವಾಲ್‌ಗೆ 600ರಿಂದ 800 ಸಾಕು. ಹೊರಾಂಗಣದ ಪರದೆಗಳು 5,000 ನಿಟ್ ಮತ್ತು ಅದಕ್ಕಿಂತ ಹೆಚ್ಚು ಬೆಳಗುತ್ತವೆ. ಬಾಡಿಗೆಗೆ ಓಡಾಡಿದ ಅಂತಹ ಪರದೆಯನ್ನೇ ಒರೆಸಿ, ಹೆಚ್ಚು ಬೆಳಕಿನದೆಂದು ಹೊಗಳಿ ಸಭಾಂಗಣಕ್ಕೆ ಹಾಕಿಕೊಡುವವರೂ ಇದ್ದಾರೆ. ಅದು ಕಣ್ಣು ಕುಕ್ಕುತ್ತದೆ. ಬೆಳಕನ್ನು ಇಳಿಸಿದರೆ ಬಣ್ಣದ ನಯವಾದ ಛಾಯೆಗಳು ಕೆಟ್ಟು ಮುಖಗಳೆಲ್ಲ ತೇಪೆ ಹಚ್ಚಿದಂತೆ ಕಾಣುತ್ತವೆ. ಪರದೆಗೆ ಎದುರಾಗಿ ಕಿಟಕಿ ಇದ್ದರೆ ಅದಕ್ಕೊಂದು ದಪ್ಪನೆಯ ಪರದೆ ಬಟ್ಟೆ ಹೊಲಿಸಿ. ಐನೂರು ನಿಟ್ ಕೊಳ್ಳುವುದಕ್ಕಿಂತ ಐದು ಗಜ ಬಟ್ಟೆ ಅಗ್ಗ. ವರ್ಷಕ್ಕೆ ನಾಲ್ಕಾರು ಸಭೆ ಮಾತ್ರ ನಡೆಸುವ ಪಂಚಾಯತಿಗೆ ಕತ್ತಲೆ ಮಾಡಬಹುದಾದ ಕೊಠಡಿಯಿದ್ದರೆ ಪ್ರೊಜೆಕ್ಟರ್ ಕೂಡ ಸಾಕಾಗುತ್ತದೆ.

ವಿವರಣಾ ಪತ್ರದಲ್ಲಿ ಬರೆದಿರದ ಶತ್ರುಗಳು ನಮ್ಮಲ್ಲಿ ಹಲವರಿದ್ದಾರೆ. ಮೊದಲನೆಯದು ಬೇಸಿಗೆ. ಅನೇಕ ಡಿಸ್‌ಪ್ಲೇಗಳನ್ನು 40 ಡಿಗ್ರಿ ಸೆಲ್ಸಿಯಸ್ ವರೆಗಿನ ವಾತಾವರಣಕ್ಕೆ ಎಂದು ತಯಾರಿಸಿರುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಹೊರಗಿನ ತಾಪವೇ ಅದನ್ನು ದಾಟುತ್ತದೆ. ಪತ್ರಾಸಿನ ಮಾಡಿನ ಕೆಳಗೆ ಮುಚ್ಚಿದ ಕೊಠಡಿಯಲ್ಲಿ ಎಷ್ಟಿರಬಹುದೆಂದು ತಾವೇ ಊಹಿಸಿ. ಪರದೆಯ ಹಿಂದೆ ಗಾಳಿಯಾಡಲು ಒಂದು ಗೇಣಿನಷ್ಟಾದರೂ ಜಾಗ ಬಿಡಿಸಿ, ಕಪಾಟಿನಲ್ಲಿ ಹುದುಗಿಸಬೇಡಿ. ಎರಡನೆಯದು ಕರಿ ಮಣ್ಣಿನ ಧೂಳು. ಫ್ಯಾನ್ ಇರುವ ಯಂತ್ರಕ್ಕಿಂತ ಫ್ಯಾನ್ ಇಲ್ಲದ ಯಂತ್ರ ನಮ್ಮಲ್ಲಿ ಹೆಚ್ಚು ಬಾಳುತ್ತದೆ. ಮೂರನೆಯದು ಇಲಿ. ವಯರನ್ನು ಪೈಪಿನೊಳಗೆ ಎಳೆಯಿಸಿ, ಬಾಯಿ ಮುಚ್ಚಿಸಿ. ಒಂದೇ ರಾತ್ರಿಯಲ್ಲಿ ಇಲಿ ಕಡಿದ ಕೇಬಲಿನಿಂದ ಮೂರು ತಿಂಗಳು ಕಪ್ಪಾಗಿ ನಿಂತ ಪರದೆಯನ್ನು ನಾನು ಕಂಡಿದ್ದೇನೆ.

ವಿದ್ಯುತ್ತಿನ ಲೆಕ್ಕವೂ ಬೇಕು. ಮೇಲೆ ಹೇಳಿದ ನಲವತ್ತು ಚದರ ಅಡಿಯ ಎಲ್‌ಇಡಿ ವಾಲ್ ಪೂರ್ಣ ಬಿಳಿಯಾಗಿ ಬೆಳಗಿದಾಗ ಒಂದೂವರೆಯಿಂದ ಎರಡು ಕಿಲೋವ್ಯಾಟ್ ಎಳೆಯುತ್ತದೆ, ಸಾಮಾನ್ಯ ಬಳಕೆಯಲ್ಲಿ ಅದರ ಮೂರನೆಯ ಒಂದು ಭಾಗ. ಕಂಪ್ಯೂಟರಿಗೆ ಇಟ್ಟಿರುವ ಚಿಕ್ಕ ಯುಪಿಎಸ್ ಅದನ್ನು ತಡೆಯಲಾರದು. ಸಭಾಂಗಣದ ಅರ್ಥಿಂಗ್ ಸರಿಯಿದೆಯೇ ಎಂದು ಪರದೆ ತರುವ ಮೊದಲೇ ಪರೀಕ್ಷಿಸಿ ಬರಹದಲ್ಲಿ ಪಡೆಯಿರಿ. ಏರಿಳಿತಕ್ಕೆ ಸ್ಟೆಬಿಲೈಜರ್ ಇರಲಿ. ಅಷ್ಟು ದೊಡ್ಡ ವಾಲ್ ಚೌಕಟ್ಟು ಸೇರಿ ಒಂದು ಕ್ವಿಂಟಾಲಿಗೂ ಮಿಕ್ಕಿ ತೂಗುವುದರಿಂದ ಕಲ್ಲು-ಮಣ್ಣಿನ ಹಳೆಯ ಗೋಡೆಗೆ ನೇತುಹಾಕದೆ ನೆಲದಿಂದಲೇ ಕಬ್ಬಿಣದ ಚೌಕಟ್ಟು ಎಬ್ಬಿಸಬೇಕು.

ಧ್ವನಿಯನ್ನು ಬಹಳ ಜನ ಮರೆಯುತ್ತಾರೆ. ಗೋಳಗುಮ್ಮಟದ ಊರಿನವರಾದ ನಮಗೆ ಮಾರ್ದನಿಯ ಪಾಠ ಬೇರೆ ಬೇಕೇ? ಬರಿಗೋಡೆ, ಕಲ್ಲುಹಾಸಿನ ನೆಲ, ತಗಡಿನ ಮಾಡು ಇರುವ ಸಭಾಂಗಣದಲ್ಲಿ ಪರದೆಯೊಳಗಿನ ಸಣ್ಣ ಸ್ಪೀಕರಿನ ಮಾತು ಗೊಜಗೊಜ ಎನ್ನುತ್ತದೆ. ಈಗಾಗಲೇ ಇರುವ ಮೈಕ್ ವ್ಯವಸ್ಥೆಗೆ ಪರದೆಯ ಧ್ವನಿಯನ್ನು ಜೋಡಿಸುವ ತಂತಿಯೊಂದನ್ನು ಆದೇಶದಲ್ಲಿಯೇ ಸೇರಿಸಿರಿ.

ಇನ್ನು ಖರೀದಿಯ ವಿಧಾನ. ಹಣ ಯಾವ ಬಾಬಿನದು ಎಂಬುದನ್ನು ಮೊದಲು ನೋಡಬೇಕು. 15ನೇ ಹಣಕಾಸು ಆಯೋಗವು 2021-26ರ ಅವಧಿಯಲ್ಲಿ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತ್ತು. ಅಂತಹ ನಿರ್ಬಂಧಿತ ಹಣದಿಂದ ಪರದೆ ಕೊಳ್ಳುವಂತಿಲ್ಲ. ನೀರಿನ ಟ್ಯಾಂಕರ್ ಕಾಯುವ ಊರಿನಲ್ಲಿ ಕೊಳ್ಳಬಾರದು ಎಂಬುದನ್ನು ನಾನು ಹೇಳಬೇಕಾಗಿಯೂ ಇಲ್ಲ. ಸಾಮಾನ್ಯ ಸಭೆಯ ಠರಾವು, ಕ್ರಿಯಾ ಯೋಜನೆಯಲ್ಲಿ ಸೇರ್ಪಡೆ, ಬಳಿಕ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಂತೆ ಸಂಗ್ರಹಣೆ. ಪರದೆಗೆ ಒಂದು ಬಿಲ್ಲು, ಚೌಕಟ್ಟಿಗೆ ಒಂದು, ವಯರಿಂಗಿಗೆ ಒಂದು, ಅಳವಡಿಕೆಗೆ ಒಂದು ಎಂದು ತುಂಡು ಮಾಡಿ ಟೆಂಡರ್ ಮಿತಿಯ ಕೆಳಗೆ ನುಸುಳುವುದು ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುವ ಅತ್ಯಂತ ಹಳೆಯ ದಾರಿ. ಮೂರು ಬೇರೆ ಬೇರೆ ಸಂಸ್ಥೆಗಳ ದರಪಟ್ಟಿಗಳಲ್ಲಿ ಒಂದೇ ಕಾಗುಣಿತ ತಪ್ಪು ಒಂದೇ ಜಾಗದಲ್ಲಿ ಇರುವುದನ್ನು ನಾನು ನೋಡಿದ್ದೇನೆ. ಸಹಿ ಹಾಕುವ ಮೊದಲು ಅಧ್ಯಕ್ಷರು ಮೂರನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ಓದಿದರೆ ಸಾಕು.

ತಾಂತ್ರಿಕ ವಿವರಣೆಯಲ್ಲಿ ಕಂಪನಿಯ ಹೆಸರು ಬರೆಯಬಾರದು, ಕೆಲಸವನ್ನು ಬರೆಯಬೇಕು. "ಸಭಾಂಗಣದಲ್ಲಿ 33 ಅಡಿ ದೂರದಿಂದ ಕನ್ನಡದ ಪಟ್ಟಿಯು ಹಗಲಿನಲ್ಲಿ ಸ್ಪಷ್ಟವಾಗಿ ಓದುವಂತಿರಬೇಕು" ಎಂಬ ಒಂದು ವಾಕ್ಯ ಹತ್ತು ಇಂಗ್ಲಿಷ್ ಪದಗಳಿಗೆ ಸಮ. ಟಿವಿ ಮತ್ತು ಡಿಸ್‌ಪ್ಲೇಗಳಿಗೆ ಬಿಐಎಸ್ ನೋಂದಣಿ ಸಂಖ್ಯೆ ಇರಬೇಕು, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ತಾವೇ ಪರಿಶೀಲಿಸಬಹುದು. ಮನೆಬಳಕೆಯ ಟಿವಿಯನ್ನು ಕಚೇರಿಯಲ್ಲಿ ಹಾಕಿದರೆ ಅನೇಕ ಸಂದರ್ಭಗಳಲ್ಲಿ ವಾರಂಟಿ ಅನ್ವಯಿಸುವುದಿಲ್ಲ, ಆದ್ದರಿಂದ ವಾರಂಟಿ ಪತ್ರವನ್ನು ಮೊದಲೇ ತರಿಸಿ ಓದಿರಿ. ದುರಸ್ತಿಗೆ ಯಾರು, ಎಲ್ಲಿಂದ, ಎಷ್ಟು ದಿನಗಳಲ್ಲಿ ಬರುತ್ತಾರೆ ಎಂಬುದು ಬೆಲೆಯಷ್ಟೇ ಮುಖ್ಯ. ಬೆಂಗಳೂರಿನಿಂದ ಮೆಕ್ಯಾನಿಕ್ ಬಬಲೇಶ್ವರಕ್ಕೆ ಬರುವಷ್ಟರಲ್ಲಿ ಮೂರು ಸಭೆಗಳು ಮುಗಿದಿರುತ್ತವೆ.

ಎಲ್‌ಇಡಿ ವಾಲ್ ಕೊಳ್ಳುವುದೇ ನಿಶ್ಚಯವಾದರೆ ಬಿಡಿಭಾಗಗಳನ್ನು ಪರದೆಯೊಂದಿಗೇ ಪಡೆಯಿರಿ. ಒಂದೇ ತಂಡದಲ್ಲಿ ತಯಾರಾದ ಮಾಡ್ಯೂಲ್‌ಗಳ ಬಣ್ಣ ಮಾತ್ರ ಒಂದಕ್ಕೊಂದು ಹೊಂದುತ್ತದೆ. ಎರಡು ವರ್ಷಗಳ ನಂತರ ಬೇರೆ ತಂಡದ ಮಾಡ್ಯೂಲ್ ತಂದು ಹಾಕಿದರೆ ಬಿಳಿ ಧೋತರಕ್ಕೆ ಹಳದಿ ತೇಪೆ ಹಚ್ಚಿದಂತೆ ಎದ್ದು ಕಾಣುತ್ತದೆ. 72 ಮಾಡ್ಯೂಲ್‌ಗಳ ಪರದೆಗೆ ಕನಿಷ್ಠ ನಾಲ್ಕು ಮಾಡ್ಯೂಲ್, ಒಂದು ಪವರ್ ಸಪ್ಲೈ, ಒಂದು ರಿಸೀವಿಂಗ್ ಕಾರ್ಡ್ ಹೆಚ್ಚುವರಿಯಾಗಿ ಇರಲಿ, ಅವು ದಾಸ್ತಾನು ವಹಿಯಲ್ಲಿ ದಾಖಲಾಗಲಿ. ಮುಂಭಾಗದಿಂದಲೇ ಬಿಚ್ಚಿ ದುರಸ್ತಿ ಮಾಡುವಂತಿರಲಿ.

ಹಣ ಪಾವತಿಗೆ ಮೊದಲು ಪರೀಕ್ಷೆ ನಡೆಸಿರಿ, ಇದಕ್ಕೆ ಎಂಜಿನಿಯರೇ ಬೇಕೆಂದಿಲ್ಲ. ಪರದೆಯನ್ನು ಪೂರ್ತಿ ಕೆಂಪು, ಬಳಿಕ ಹಸಿರು, ನೀಲಿ, ಬಿಳಿ ಮಾಡಿಸಿ. ಸತ್ತ ಚುಕ್ಕೆಗಳೂ ಬಣ್ಣ ಬೇರೆಯಾದ ತುಂಡುಗಳೂ ತಾವಾಗಿಯೇ ಕಾಣುತ್ತವೆ. ತಮ್ಮ ಮೊಬೈಲಿನಲ್ಲಿ ಪರದೆಯನ್ನು ಚಿತ್ರೀಕರಿಸಿ ನೋಡಿ. ಕಪ್ಪು ಪಟ್ಟಿಗಳು ಓಡಾಡಿದರೆ ಅದರ ರಿಫ್ರೆಶ್ ದರ ಕಡಿಮೆ ಇದೆ ಎಂದರ್ಥ. ಸಭೆಗಳ ಚಿತ್ರೀಕರಣ ಮಾಡುವವರು 3840 ಹರ್ಟ್ಜ್ ಎಂದೇ ಕೇಳಬೇಕು. ಮೂರು ದಿನ ಸತತವಾಗಿ ಉರಿಸಿ, ಬಿಸಿಲೇರಿದ ಹೊತ್ತಿನಲ್ಲಿ ಕೈಯಿಟ್ಟು ನೋಡಿ. ಕಾರ್ಯದರ್ಶಿಯವರೂ ಡಾಟಾ ಎಂಟ್ರಿ ಆಪರೇಟರೂ ಅಳವಡಿಸಿದವರ ಸಹಾಯವಿಲ್ಲದೆ ಚಾಲೂ ಮಾಡಿ, ಪಟ್ಟಿ ತೋರಿಸಿ, ಬಂದ್ ಮಾಡಲಿ. ಅದಾದ ಮೇಲೆ ಬಿಲ್ಲಿಗೆ ಸಹಿ.

ಚರ್ಚೆಯ ವೇಳೆ ಸದಸ್ಯೆಯೊಬ್ಬರು, ಎಲ್ಲ ಲೆಕ್ಕ ಸರಿ, ಆದರೆ ಅಂಗಡಿಗೆ ಹೋಗುವ ಮೊದಲು ನಮ್ಮ ಸಭಾಂಗಣಕ್ಕೆ ಎಷ್ಟು ದೊಡ್ಡದು ಬೇಕೆಂದು ತಿಳಿಯುವುದು ಹೇಗೆ ಎಂದು ಕೇಳಿದರು. ಅದಕ್ಕೆ ಒಂದು ಸುಣ್ಣದ ಕಡ್ಡಿಯೂ ನಾಲ್ಕು ಹಾಳೆ ಡ್ರಾಯಿಂಗ್ ಕಾಗದವೂ ಸಾಕು. ಮುಂದಿನ ಸಾಮಾನ್ಯ ಸಭೆಗೆ ಒಂದು ಗಂಟೆ ಮೊದಲು ಬನ್ನಿ. 75 ಅಂಗುಲದ ಪರದೆಯ ಅಳತೆಯಲ್ಲಿ, ಅಂದರೆ 166 ಸೆಂಟಿಮೀಟರ್ ಅಗಲ, 93 ಸೆಂಟಿಮೀಟರ್ ಎತ್ತರದ ಚೌಕವನ್ನು ಗೋಡೆಯ ಮೇಲೆ ಎಳೆಯಿರಿ. ಅದರೊಳಗೆ ಕಾಗದ ಅಂಟಿಸಿ, ದಪ್ಪ ಪೆನ್ನಿನಿಂದ ಎರಡೂವರೆ ಅಂಗುಲದ ಅಕ್ಷರಗಳಲ್ಲಿ ತಮ್ಮ ಊರಿನ ಎಂಟು ಹೆಸರುಗಳನ್ನು ಬರೆಯಿರಿ. ಒತ್ತಕ್ಷರ ಇರುವ ಹೆಸರುಗಳಾಗಿರಲಿ. ಆಮೇಲೆ ಊರಿನ ಹಿರಿಯರಿಬ್ಬರನ್ನು, ಕನ್ನಡಕ ಹಾಕುವವರಾದರೆ ಇನ್ನೂ ಒಳ್ಳೆಯದು, ಕೊನೆಯ ಸಾಲಿನಲ್ಲಿ ಕೂರಿಸಿ ಓದಿಸಿರಿ. ಮುಂದೆ ಒಬ್ಬರನ್ನು ರುಮಾಲು ಸುತ್ತಿ ಕೂರಿಸುವುದನ್ನು ಮರೆಯಬೇಡಿ. ಆ ತಲೆಯ ಮೇಲಿನಿಂದ ಎಂಟನೆಯ ಹೆಸರು ಕಾಣದಿದ್ದರೆ ಚೌಕವನ್ನು ಒಂದು ಅಡಿ ಮೇಲಕ್ಕೆ ಎಳೆದು ಮತ್ತೊಮ್ಮೆ ಓದಿಸಿರಿ. ಓದಲಾದ ಅಳತೆಯನ್ನೂ ನೆಲದಿಂದ ಅದರ ಎತ್ತರವನ್ನೂ ನಡವಳಿ ಪುಸ್ತಕದಲ್ಲಿ ಬರೆದುಕೊಂಡು, ದರಪಟ್ಟಿ ಕರೆಯುವ ಪತ್ರದಲ್ಲಿ ಅದನ್ನೇ ನಮೂದಿಸಿರಿ.